ಪರದೇಶದ ಮಗು, ವಿಜಯಪುರದ ಮನೆ

(ಹೊರದೇಶದಿಂದ ಬಂದು ವಿಜಯಪುರದಲ್ಲಿ ನೆಲೆಸಿರುವ ಎಳೆಯ ಮಕ್ಕಳ ತಂದೆ-ತಾಯಿ, ಅವರ ಹಿರಿಯರು ಮತ್ತು ಅವರಿಗೆ ಮನೆ ಬಾಡಿಗೆ ಕೊಟ್ಟವರ ಮುಂದೆ ಆಡಿದ ಮಾತಿನ ಬರಹ ರೂಪ)

ನಿಮ್ಮ ಓಣಿಗೆ ನಳದ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೆ ಇಲ್ಲಿ ಕೂತಿರುವ ಅಜ್ಜಿಯರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಮೊನ್ನೆ ವಿಮಾನ ಇಳಿದು ಬಂದ ಸೊಸೆಗೆ, ಬಾಡಿಗೆ ಮನೆ ಹಿಡಿದ ವಿದೇಶಿ ದಂಪತಿಗೆ ಆ ಪ್ರಶ್ನೆಯೇ ಹೊಸದು. ಅವರು ಇದ್ದ ಊರಲ್ಲಿ ನೀರು ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಳದಲ್ಲಿ ಇರುತ್ತದೆ, ಮಗು ಲೋಟ ಒಡ್ಡಿ ಕುಡಿಯುತ್ತದೆ, ಅಷ್ಟೇ.

ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತ ಇದೆ. ಅಲ್ಲಿ ಊರು ಮಾಡುವ ಎಷ್ಟೋ ಕೆಲಸವನ್ನು ಇಲ್ಲಿ ಮನೆ ಮಾಡಬೇಕು. ನೀರು ಶುದ್ಧ ಮಾಡುವುದು, ತಿನಿಸಿನಲ್ಲಿ ಏನಿದೆ ಎಂದು ತಿಳಿಯುವುದು, ಕರೆಂಟು ಹೋದರೆ ಫ್ಯಾನು ತಿರುಗಿಸುವುದು, ಮುಂದಿನ ಲಸಿಕೆ ಯಾವಾಗ ಎಂದು ನೆನಪಿಡುವುದು, ಇವೆಲ್ಲ ಅಲ್ಲಿ ಕಣ್ಣಿಗೆ ಬೀಳದೆ ನಡೆದುಹೋಗುತ್ತವೆ. ಇಲ್ಲಿಗೆ ಬಂದ ಮೇಲೆ ಅವನ್ನು ಯಾರು ಮಾಡಬೇಕು ಎಂದು ಮನೆಯಲ್ಲಿ ಯಾರೂ ಹಂಚಿಕೊಂಡಿರುವುದಿಲ್ಲ. ಮಗ ‘ಅವ್ವ ನೋಡ್ತಾಳ’ ಅಂದುಕೊಂಡಿರುತ್ತಾನೆ, ಅವ್ವ ‘ಓದಿದ ಸೊಸಿ, ಅಕಿಗೆ ಗೊತ್ತಿರ್ತದ’ ಅಂದುಕೊಂಡಿರುತ್ತಾಳೆ. ನಡುವೆ ಮಗುವಿಗೆ ವಾಂತಿ ಭೇದಿ.

ಮೊದಲು ನೀರು. ಇದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೊದಲ ಮೂರು ತಿಂಗಳ ಕಾಯಿಲೆಗಳಲ್ಲಿ ಬಹಳಷ್ಟರ ಬೇರು ಇಲ್ಲೇ ಇರುತ್ತದೆ.

ನಮ್ಮ ಮನೆಗಳಿಗೆ ಎರಡು ಬಗೆಯ ನೀರು ಬರುತ್ತದೆ. ಒಂದು ನಗರದ ನಳದ ನೀರು. ಅದರ ಮೂಲ ಆಲಮಟ್ಟಿ ಹಿನ್ನೀರು, ಭೂತನಾಳ ಕೆರೆ. ಇನ್ನೊಂದು ಬೋರಿನ ನೀರು. ನದಿ ನೀರಿನ ತೊಂದರೆ ರೋಗಾಣು. ಬೋರಿನ ನೀರಿನ ತೊಂದರೆ ಅದರಲ್ಲಿ ಕರಗಿರುವ ಲವಣ; ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೆಲವು ಕಡೆ ಫ್ಲೋರೈಡ್ ಕೂಡ. ಈ ಎರಡು ತೊಂದರೆಗೆ ಎರಡು ಬೇರೆ ಮದ್ದು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ಲವಣವನ್ನೂ ಫ್ಲೋರೈಡನ್ನೂ ಇಳಿಸುತ್ತದೆ. ಹಾಗಂತ ಎಲ್ಲರಿಗೂ ಆರ್‌ಒ ಬೇಕಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು, ಅಂದರೆ ಟಿಡಿಎಸ್, ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 2000ದ ತನಕ ಸಹಿಸಬಹುದು. ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5. ಟಿಡಿಎಸ್ ಅಳೆಯುವ ಪೆನ್ನಿನಂಥ ಮೀಟರು ಅಗ್ಗ, ಒಂದು ಇಟ್ಟುಕೊಳ್ಳಿ. ಆದರೆ ಅದು ಫ್ಲೋರೈಡನ್ನೂ ತೋರಿಸುವುದಿಲ್ಲ, ರೋಗಾಣುವನ್ನೂ ತೋರಿಸುವುದಿಲ್ಲ. ಬೋರಿನ ನೀರು ಕುಡಿಯುವ ಮನೆಯವರು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು. ಹಾಲುಹಲ್ಲಿನ ಕೆಳಗೆ ಶಾಶ್ವತ ಹಲ್ಲು ತಯಾರಾಗುವ ವಯಸ್ಸಿನಲ್ಲೇ ಫ್ಲೋರೈಡಿನ ಕಲೆ ಕೂರುವುದು.

ಇಲ್ಲಿ ಆಗುವ ತಪ್ಪು ಯಾವುದೆಂದರೆ, ಬಹಳ ಮನೆಗಳಲ್ಲಿ ನಳದ ನೀರೂ ಬೋರಿನ ನೀರೂ ಒಂದೇ ಸಂಪಿಗೆ ಬೀಳುತ್ತವೆ. ನಳ ಬಂದ ಮರುದಿನ ಮೀಟರು 300 ತೋರಿಸಿತು, ‘ನೀರು ಚೊಲೊ ಅದ’ ಎಂದು ನಿಶ್ಚಿಂತರಾದಿರಿ. ನಾಲ್ಕನೇ ದಿನ ಬೋರು ಚಾಲು ಮಾಡಿದಾಗ ಅದೇ ಸಂಪಿನಲ್ಲಿ 1100 ಇರಬಹುದು. ಬಾಡಿಗೆ ಮನೆ ನೋಡಲು ಹೋದಾಗ ಅಡುಗೆಮನೆ, ಬಚ್ಚಲು ನೋಡುವ ಮೊದಲು ಸಂಪಿನ ಮುಂದೆ ನಿಂತು ಯಾವ ಪೈಪು ಎಲ್ಲಿಂದ ಬರುತ್ತದೆ ಎಂದು ಮಾಲೀಕರನ್ನು ಕೇಳಿ. ಸಾಧ್ಯವಿದ್ದರೆ ನಳದ ನೀರಿಗೆ ಬೇರೆಯೇ ಸಣ್ಣ ಟಾಕಿ ಇಟ್ಟು ಅಡುಗೆಮನೆಯ ಒಂದೇ ನಳಕ್ಕೆ ಜೋಡಿಸಿ.

ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ ಎಂದೂ ನೋಡಿ. ನೆಲದ ಮಟ್ಟದಲ್ಲಿರುವ ಸಂಪು ಹೊರಗಿನಿಂದ ಬಂದ ಮಗುವಿಗೆ ಗೊತ್ತಿಲ್ಲದ ವಸ್ತು. ತಗಡಿನ ಮುಚ್ಚಳ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಹುರಿದ ಹಪ್ಪಳದಂತಾಗುತ್ತದೆ. ಮನೆ ಕೊಟ್ಟ ಹಿರಿಯರು ಇಲ್ಲಿದ್ದೀರಿ, ಕೈ ಮುಗಿದು ಕೇಳುತ್ತೇನೆ: ಮಗು ಮನೆಗೆ ಬರುವ ಮೊದಲೇ ಗಟ್ಟಿ ಮುಚ್ಚಳ, ಕೊಂಡಿ, ಬೀಗ ಹಾಕಿಸಿಕೊಡಿ.

ಕುದಿಸುವುದಾದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ನಮ್ಮ ಊರಿನ ಎತ್ತರಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ಇನ್ನೊಂದು ಪಾತ್ರೆಗೆ ಸುರಿದಾಗ, ಲೋಟ ಅದ್ದಿದಾಗ ಕೈಯ ಹೊಲಸು ಮತ್ತೆ ಸೇರುತ್ತದೆ. ಉದ್ದ ಹಿಡಿಕೆಯ ಸೌಟು ಅಥವಾ ನಳ ಕೂಡಿಸಿದ ಹಂಡೆ ಇಟ್ಟುಕೊಳ್ಳಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿರುವ ಮನೆಗೆ ಬೇಸಿಗೆಯಲ್ಲಿ ಕುಡಿಯಲು, ಹಲ್ಲುಜ್ಜಲು, ಹಣ್ಣು ತೊಳೆಯಲು ದಿನಕ್ಕೆ 12ರಿಂದ 15 ಲೀಟರ್ ಶುದ್ಧ ನೀರು ಬೇಕಾಗುತ್ತದೆ. ಹಲ್ಲುಜ್ಜುವ ನೀರನ್ನು ಎಲ್ಲರೂ ಮರೆಯುತ್ತಾರೆ. ಮೂರು ವರ್ಷದ ಮಗು ಬಾಯಿ ಮುಕ್ಕಳಿಸುವುದಿಲ್ಲ, ನುಂಗುತ್ತದೆ. ಸ್ನಾನ ಮಾಡುವಾಗ ತಂಬಿಗೆ ನೀರನ್ನೂ ಕುಡಿಯುತ್ತದೆ, ಏಕೆಂದರೆ ಅಲ್ಲಿ ಅದಕ್ಕೆ ಯಾರೂ ಬೇಡ ಅಂದಿರಲಿಲ್ಲ. ಬಚ್ಚಲಲ್ಲಿ ಶುದ್ಧ ನೀರಿನ ಒಂದು ಬಣ್ಣದ ಬಾಟಲಿ ಇಡಿ, ‘ಬಾಯಿಗೆ ಈ ನೀರು, ಮೈಗೆ ಆ ನೀರು’ ಎಂದು ಆಟದಂತೆ ಕಲಿಸಿ. ಒಂದು ವಾರದಲ್ಲಿ ಮಕ್ಕಳು ಕಲಿಯುತ್ತಾರೆ. ದೊಡ್ಡವರಿಗೇ ಹೆಚ್ಚು ದಿನ ಹಿಡಿಯುತ್ತದೆ.

ಮೇಲಿನ ಟಾಕಿಯನ್ನು ಮೂರು ತಿಂಗಳಿಗೊಮ್ಮೆ ಖಾಲಿ ಮಾಡಿ, ಸಾಬೂನು ಹಾಕದೆ ಬ್ರಷ್ಷಿನಿಂದ ತಿಕ್ಕಿ, ತಳದ ರಾಡಿ ಹೊರಹಾಕಿ. ತುಂಬಿಸಿದ ಮೇಲೆ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದಾಜು ಅರ್ಧ ಟೀ ಚಮಚ. ಪುಡಿಯನ್ನು ನೇರ ಟಾಕಿಗೆ ಎಸೆಯಬಾರದು. ಒಂದು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಸುರಿದು, ಕಲಕಿ, ಅರ್ಧ ತಾಸಾದರೂ ಬಿಡಬೇಕು. ಡಬ್ಬಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಅದು ಬರೀ ಸುಣ್ಣ ಅಂದುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಮೊದಲ ಆರು ವಾರದಲ್ಲಿ ಒಮ್ಮೆ ಹೊಟ್ಟೆ ಕೆಡಬಹುದು. ಅದಕ್ಕೆ ಮನೆ ತಯಾರಿರಬೇಕು. ಒಆರ್‌ಎಸ್ ಪೊಟ್ಟಣ ಹತ್ತು ಇರಲಿ. ಕೊಳ್ಳುವಾಗ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9, ಒಟ್ಟು 20.5 ಗ್ರಾಂ. ಕಾಗದದ ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪೇಯ ಒಆರ್‌ಎಸ್ ಅಲ್ಲ. ಅದರಲ್ಲಿರುವ ಹೆಚ್ಚಿನ ಸಕ್ಕರೆ ಕರುಳಿಗೆ ಮತ್ತಷ್ಟು ನೀರು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣ ಸಿಗುತ್ತವೆ: ದೊಡ್ಡದು ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ನಡುರಾತ್ರಿ ಗಾಬರಿಯಲ್ಲಿ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಸಣ್ಣದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಆದ್ದರಿಂದ ಒಂದೇ ಅಳತೆಯದನ್ನು ಕೊಳ್ಳಿ, ಅದಕ್ಕೆ ಸರಿಯಾದ ಬಾಟಲಿಯನ್ನು ಅದರ ಪಕ್ಕದಲ್ಲೇ ಇಡಿ. ಕುದಿಸಿ ಆರಿದ ನೀರಿಗೆ ಬೆರೆಸಬೇಕು, ಬೆರೆಸಿದ ಮೇಲೆ ಕುದಿಸಬಾರದು, 24 ತಾಸಾದ ಮೇಲೆ ಚೆಲ್ಲಬೇಕು. ಒಂದೊಂದು ಸಲ ಭೇದಿಯಾದ ಮೇಲೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡದಕ್ಕೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ. ಬಾಟಲಿಯನ್ನೇ ಬಾಯಿಗಿಟ್ಟರೆ ಮತ್ತೆ ವಾಂತಿ. ಪೊಟ್ಟಣವೇ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಪಾಟು ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರ ಜೊತೆ ಜಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, 14 ದಿನ. ಎರಡನೇ ದಿನಕ್ಕೆ ಭೇದಿ ನಿಂತಿತೆಂದು ಜಿಂಕ್ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬೇಡಿ, ಅದು ಮತ್ತೆ ಭೇದಿಯಾಗುವ ಸಾಧ್ಯತೆಯನ್ನೂ ಇಳಿಸುತ್ತದೆ. ದೊಡ್ಡವರ ಭೇದಿ ಕಟ್ಟುವ ಗುಳಿಗೆ ಮಕ್ಕಳಿಗೆ ಬೇಡವೇ ಬೇಡ. ಮಲದಲ್ಲಿ ರಕ್ತ, ಆರು ತಾಸಿನಿಂದ ಮೂತ್ರವಿಲ್ಲ, ಕಣ್ಣು ಗುಳಿ ಬಿದ್ದಿವೆ, ಮಗು ಮಂಕಾಗಿ ಕುಡಿಯಲೂ ಒಲ್ಲದು ಎಂದರೆ ಮನೆಮದ್ದಿನ ಹೊತ್ತು ಮುಗಿಯಿತು, ಆಸ್ಪತ್ರೆಗೆ ನಡೆಯಿರಿ.

ಇನ್ನು ಊಟ. ಜೋಳದ ನುಚ್ಚಿಗೆ ಮಜ್ಜಿಗೆ, ಹಾಲಿನಲ್ಲಿ ಮುರಿದು ನೆನೆಸಿದ ಬಿಸಿ ರೊಟ್ಟಿ, ಹೆಸರುಬೇಳೆ ಕಿಚಡಿ, ಮೊಸರನ್ನ, ಗೋಧಿ ಹುಗ್ಗಿ: ಪರದೇಶದ ಮಗುವಿಗೆ ಹೊಂದುವ ತಿನಿಸು ನಮ್ಮಲ್ಲಿ ಬೇಕಾದಷ್ಟಿವೆ. ಖಾರ ಮಾತ್ರ ತಡೆ. ಸಾರು, ಪಲ್ಯ ಬೆಂದ ಮೇಲೆ ಮಗುವಿನ ಪಾಲನ್ನು ತೆಗೆದಿಟ್ಟು ಆಮೇಲೆ ಖಾರ ಹಾಕಿ ಒಗ್ಗರಣೆ ಕೊಟ್ಟರೆ ಮುಗಿಯಿತು. ‘ಸ್ವಲ್ಪ ಸ್ವಲ್ಪ ರೂಢಿ ಆಗ್ಲಿ’ ಎಂದು ಮೊದಲ ವಾರವೇ ಶುರು ಮಾಡಬೇಡಿ. ಬಾಯಿ ಒಮ್ಮೆ ಉರಿದರೆ ಮಗು ಅಜ್ಜಿಯ ತಟ್ಟೆಯನ್ನೇ ಒಲ್ಲೆ ಅನ್ನುತ್ತದೆ, ಅದನ್ನು ಮರೆಸಲು ತಿಂಗಳು ಬೇಕು.

ಆದರೆ ಒಂದು ಕಾಳಿನ ಬಗ್ಗೆ ನಿಂತು ಹೇಳಬೇಕು: ಶೇಂಗಾ. ಹೊರದೇಶದಲ್ಲಿ ಬೆಳೆದ ಮಕ್ಕಳಲ್ಲಿ ಕೆಲವರಿಗೆ ಶೇಂಗಾ ಅಲರ್ಜಿ ಇರುತ್ತದೆ. ಅಲ್ಲಿ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಶಾಲೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಸೀಮೆಯಲ್ಲಿ ಶೇಂಗಾ ಇಲ್ಲದ ಅಡುಗೆಮನೆಯೇ ಇಲ್ಲ. ಶೇಂಗಾ ಹಿಂಡಿಯಲ್ಲಿ, ಅಂದರೆ ಚಟ್ನಿಪುಡಿಯಲ್ಲಿ, ಇದೆ ಎಂದು ಗೊತ್ತು. ಎಣ್ಣೆಗಾಯಿಯ ಮಸಾಲೆಯಲ್ಲಿ, ಸೂಸ್ಲಾದಲ್ಲಿ, ಪಂಚಮಿ ಉಂಡಿಯಲ್ಲಿ, ಕೆಲವು ಮನೆಗಳ ಕೋಸಂಬರಿಯಲ್ಲಿ, ಪಲ್ಯದ ಮೇಲೆ ಉದುರಿಸುವ ಪುಡಿಯಲ್ಲೂ ಇದೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಸುರಕ್ಷಿತ ಅನಿಸಬಹುದು, ಆದರೆ ಮೂರನ್ನೂ ಒಂದೇ ಮಿಕ್ಸರ್ ಜಾರಿನಲ್ಲಿ ತಿರುವಿರುತ್ತಾರೆ. ಗಾಣದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ಎಬ್ಬಿಸುವ ಪ್ರೋಟೀನು ಉಳಿದಿರುತ್ತದೆ. ಇಂಥ ಮಗು ಇರುವ ಮನೆಗೆ ಬೇರೆ ಎಣ್ಣೆ, ಬೇರೆ ಜಾರು, ಬೇರೆ ಚಮಚ ಬೇಕು. ‘ಒಂದು ಕಾಳಿಗೆ ಏನಾಗ್ತದ’ ಎಂದು ಕೇಳುವ ಪ್ರೀತಿಯ ಹಿರಿಯರಿಗೆ ನೇರವಾಗಿ ಹೇಳಬೇಕು: ಉಸಿರು ಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ಚುಚ್ಚಲು ವೈದ್ಯರು ಬರೆದುಕೊಟ್ಟ ಎಪಿನೆಫ್ರಿನ್ ಔಷಧದ ಪೆನ್ನನ್ನು ಬರುವಾಗಲೇ ತರಬೇಕು, ನಮ್ಮ ಔಷಧದಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವ ವಸ್ತುವಲ್ಲ. ಅದನ್ನು ಫ್ರಿಜ್ಜಿನಲ್ಲಿ ಇಡಬಾರದು, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಮನೆಯ ಅತಿ ತಂಪಾದ ಒಳಕೋಣೆಯಲ್ಲಿಡಿ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ.

ಅಲರ್ಜಿ ಇಲ್ಲದ ಮಗುವಿಗೂ ನಾಲ್ಕೈದು ವರ್ಷ ತುಂಬುವ ತನಕ ಇಡೀ ಶೇಂಗಾ ಕಾಳು, ಹುರಿಗಡಲೆ ಕೊಡಬಾರದು, ಶ್ವಾಸನಾಳಕ್ಕೆ ಸೇರುತ್ತದೆ. ಪುಡಿ ಮಾಡಿ ಬೆಲ್ಲದ ಜೊತೆ ಕೊಡಿ. ನಮ್ಮ ಜಿಲ್ಲೆಯ ಹೆಮ್ಮೆಯ ದ್ರಾಕ್ಷಿಗೂ ಇದೇ ಮಾತು: ದುಂಡು ದ್ರಾಕ್ಷಿ ಮಗುವಿನ ಗಂಟಲಿಗೆ ಸರಿಯಾಗಿ ಬಿರಡೆಯಂತೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು; ಅಡ್ಡಕ್ಕೆ ಕೊಯ್ದರೆ ದುಂಡು ದುಂಡಾಗಿಯೇ ಉಳಿಯುತ್ತದೆ. ಗೊಂಚಲನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ, ಕೊನೆಗೆ ಶುದ್ಧ ನೀರಿನಲ್ಲಿ ಜಾಲಿಸಿ.

ಹಾಲಿನ ಬಗ್ಗೆ ಸ್ವಲ್ಪ. ಗೌಳಿ ತರುವ ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು 6ರಿಂದ 7 ಪ್ರತಿಶತ. ಮಗುವಿಗೆ ರೂಢಿ ಇದ್ದದ್ದು ಅದರ ಅರ್ಧ. ಮೇಲಾಗಿ ಕೆನೆ ಕಟ್ಟದ ಹಾಲು. ಬಾಯಿಗೆ ಕೆನೆ ಬಂದ ಕೂಡಲೇ ಉಗುಳುತ್ತದೆ. ಪ್ಯಾಕೆಟ್ಟಿನ ಟೋನ್ಡ್, ಅಂದರೆ ಕೊಬ್ಬು ಇಳಿಸಿದ, ಹಾಲಿನಿಂದ ಶುರು ಮಾಡಿ, ಸೋಸಿ ಕೊಡಿ. ಬಿಡಿ ಹಾಲನ್ನು ಕಾಯಿಸದೆ ಕೊಡಲೇಬಾರದು. ಒಂದು ವರ್ಷದೊಳಗಿನ ಕೂಸಿಗೆ ಎಮ್ಮೆಯದೂ ಬೇಡ, ಆಕಳದೂ ಬೇಡ.

ಕೂಸಿನ ಮಾತು ಬಂದದ್ದರಿಂದ ಅಜ್ಜಿಯರಿಗೆ ನಾಲ್ಕು ಮಾತು. ನಿಮ್ಮ ಕೈಯ ಎಣ್ಣೆ ನೀರು, ತೊಟ್ಟಿಲು, ಜೋಗುಳ ಬೇರೆಲ್ಲೂ ಸಿಗುವುದಿಲ್ಲ. ಬಂದ ಸೊಸೆಯಂದಿರು ಅದನ್ನು ಬೇಡ ಅನ್ನಬಾರದು. ಆದರೆ ಆರು ತಿಂಗಳ ತನಕ ಎಷ್ಟೇ ಬಿಸಿಲಿರಲಿ ತಾಯಿಯ ಹಾಲು ಸಾಕು, ಹನಿ ನೀರೂ ಬೇಡ. ಎದೆಹಾಲಿನಲ್ಲಿ ಬೇಕಾದಷ್ಟು ನೀರಿದೆ. ನೀರು ಕುಡಿಸಿದರೆ ಅಷ್ಟು ಹಾಲು ಕಡಿಮೆಯಾಗುತ್ತದೆ, ಜೊತೆಗೆ ಭೇದಿಗೂ ದಾರಿ. ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಬೀಜಾಣು ಎಳೆ ಕರುಳಿನಲ್ಲಿ ಮೊಳೆತು ಬೊಟುಲಿಸಂ ಎಂಬ ಕಾಯಿಲೆ ತರಬಲ್ಲದು. ಪೇಟೆಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುವುದುಂಟು; ಕಣ್ಣಿಗೆ ಹಚ್ಚಿದ್ದು ಮಗುವಿನ ಬೆರಳಿನ ಮೂಲಕ ಬಾಯಿಗೆ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಕುಲಾಯಿ, ಕುಂಚಿಗೆ ಪೆಟ್ಟಿಗೆಯಲ್ಲೇ ಇರಲಿ. ಎಳೆ ಕೂಸಿನ ಮೈಯ ಬಿಸಿಯ ದೊಡ್ಡ ಪಾಲು ತಲೆಯಿಂದಲೂ ಹೊರಗೆ ಹೋಗುತ್ತದೆ.

ಬಿಸಿಲು ನಮ್ಮ ಊರಿನ ದೊಡ್ಡ ಪರೀಕ್ಷೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬರುವ ತಿಂಗಳನ್ನು ಆರಿಸಿಕೊಳ್ಳುವ ಅವಕಾಶ ಇದ್ದರೆ ನವೆಂಬರಿನಲ್ಲಿ ಬನ್ನಿ. ಮಗುವಿನ ಮೈ ನಾಲ್ಕು ತಿಂಗಳು ಊರಿಗೆ ಒಗ್ಗಿ, ಆಮೇಲೆ ಬಿಸಿಲು ನೋಡುತ್ತದೆ. ಶಾಲೆಯ ಆಸೆಗೆ ಏಪ್ರಿಲ್‌ನಲ್ಲೇ ಬಂದಿಳಿಯುವುದು ನನ್ನ ದೃಷ್ಟಿಯಲ್ಲಿ ಅತಿ ಕೆಟ್ಟ ಲೆಕ್ಕ.

ಹಳೆಯ ಮಣ್ಣಿನ ಮಾಳಿಗೆಯ ಮನೆ ತಾನಾಗಿ ತಂಪು. ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು ರಾತ್ರಿ ಆ ಬಿಸಿಯನ್ನು ಕೋಣೆಗೆ ಇಳಿಸುತ್ತದೆ. ಮಕ್ಕಳು ಹತ್ತು ಗಂಟೆಗೂ ಮಲಗದೆ ಅಳುವುದಕ್ಕೆ ಇದೇ ಕಾರಣ. ಯುಗಾದಿಗೆ ಮೊದಲೇ ಮಾಳಿಗೆಯ ಮೇಲೆ ಎರಡು ಸಲ ಬಿಳಿ ಸುಣ್ಣ ಹೊಡೆಸಿ. ಮಕ್ಕಳ ಕೋಣೆ ಕೆಳಗಿನ ಮಹಡಿಯಲ್ಲಿರಲಿ.

ನಮ್ಮ ಒಣ ಹವೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಎ.ಸಿ.ಯಂತೆ ಬಳಸಿ ಕೆಡಿಸುತ್ತಾರೆ. ಎ.ಸಿ.ಗೆ ಕಿಟಕಿ ಮುಚ್ಚಬೇಕು, ಕೂಲರಿಗೆ ಎದುರು ಕಿಟಕಿ ತೆರೆಯಬೇಕು. ಮುಚ್ಚಿದರೆ ಅರ್ಧ ತಾಸಿನಲ್ಲಿ ಕೋಣೆಯ ಗಾಳಿ ಒದ್ದೆಯಾಗಿ, ನೀರು ಆವಿಯಾಗುವುದು ನಿಂತು, ತಂಪೂ ನಿಲ್ಲುತ್ತದೆ. ಮಗು ಬೆವೆತು ಅಂಟಂಟಾಗುತ್ತದೆ. ಕೂಲರಿನ ತಳದ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ತೊಟ್ಟಿಯ ಗೋಡೆ ತಿಕ್ಕಿ, ಒಣಗಿಸಿ. ಡೆಂಗಿ ತರುವ ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಸುಮಾರು 7ರಿಂದ 10 ದಿನ ತೆಗೆದುಕೊಳ್ಳುತ್ತದೆ, ವಾರದ ಲೆಕ್ಕ ಅದಕ್ಕೇ. ಬರೀ ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತದೆ. ಈ ಸೊಳ್ಳೆ ಹಗಲು ಕಚ್ಚುವುದರಿಂದ ಮಧ್ಯಾಹ್ನ ಮಲಗಿದ ಮಗುವಿಗೂ ಪರದೆ ಕಟ್ಟಿ.

ಕರೆಂಟು ಹೋದಾಗಿನ ಲೆಕ್ಕ ಹೀಗೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ. ಇನ್ವರ್ಟರಿನ ನಷ್ಟ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬ ಎಚ್ಚರ ಎರಡೂ ಕಳೆದರೆ ಕೈಗೆ ಸಿಗುವುದು ಸುಮಾರು 1150. 75 ವ್ಯಾಟಿನ ಎರಡು ಹಳೆ ಫ್ಯಾನು, 10 ವ್ಯಾಟಿನ ನಾಲ್ಕು ದೀಪ ಸೇರಿ 190. ಆರು ತಾಸು ಬರುತ್ತದೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಫ್ಯಾನಿಗೆ ಬದಲಿಸಿದರೆ ಅದೇ ಬ್ಯಾಟರಿ ಹನ್ನೊಂದು ತಾಸು ದಾಟುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸಿ.

ಹನ್ನೊಂದರಿಂದ ನಾಲ್ಕರ ತನಕ ಮಕ್ಕಳು ಒಳಗಿರಲಿ. ಉದ್ಯಾನದ ತಗಡಿನ ಜಾರುಬಂಡಿ ಸಂಜೆ ಐದಕ್ಕೂ ಸುಡುತ್ತದೆ, ಮೊದಲು ನಿಮ್ಮ ಅಂಗೈಯ ಹಿಂಬದಿ ಇಟ್ಟು ನೋಡಿ. ಬಿಸಿಲಿಗೆ ಮೈ ಕಾದು ಮಗು ಮಂಕಾದರೆ ಜ್ವರದ ಔಷಧ ಕೆಲಸ ಮಾಡುವುದಿಲ್ಲ. ಅಂಗಿ ಬಿಚ್ಚಿ, ಮೈಗೆಲ್ಲ ಒದ್ದೆ ಬಟ್ಟೆ, ಮೇಲೆ ಫ್ಯಾನು. ಹಾಗೇ ತಂಪು ಮಾಡುತ್ತಲೇ 108ರ ಆಂಬುಲೆನ್ಸಿಗೆ ಫೋನು. ರಾತ್ರಿ ಮಾಳಿಗೆಯ ಮೇಲೆ ಮಲಗುವ ಸುಖ ಎಲ್ಲರಿಗೂ ಗೊತ್ತು, ಆದರೆ ಮೊದಲು ಪ್ಯಾರಾಪೆಟ್ಟಿನ ಪಕ್ಕದ ಪೈಪು, ಹೂವಿನ ಕುಂಡ, ಇಟ್ಟಿಗೆ ತೆಗೆಯಿರಿ. ಮಗುವಿಗೆ ಅವು ಮೆಟ್ಟಿಲು.

ಲಸಿಕೆಯಲ್ಲಿ ಗೊಂದಲ ಬರುವುದು ಎರಡು ದೇಶಗಳ ಪಟ್ಟಿ ಬೇರೆ ಇರುವುದರಿಂದ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಕ್ಷಯರೋಗದ ಬಿಸಿಜಿ ಲಸಿಕೆ ಆಗಿರುವುದಿಲ್ಲ. ಬ್ರಿಟನ್ನಿನಲ್ಲೂ 2005ರಿಂದ ಎಲ್ಲರಿಗೂ ಕೊಡುವ ಪದ್ಧತಿ ಇಲ್ಲ. ಅಲ್ಲಿ ದಡಾರದ ಮೊದಲ ಚುಚ್ಚುಮದ್ದು ವರ್ಷ ತುಂಬಿದ ಮೇಲೆ, ಇಲ್ಲಿ 9 ತಿಂಗಳಿಗೆ. ಟೈಫಾಯ್ಡ್ ಲಸಿಕೆ ಅಲ್ಲಿನ ಪಟ್ಟಿಯಲ್ಲಿ ಇಲ್ಲ, ಇಲ್ಲಿ 6 ತಿಂಗಳು ದಾಟಿದ ಮಗುವಿಗೆ ಕೊಡಬಹುದು. ಮಿದುಳುಜ್ವರದ ಜೆಇ ಲಸಿಕೆ ಜಿಲ್ಲೆಯಿಂದ ಜಿಲ್ಲೆಗೆ ಬೇರೆ; ವಿಜಯಪುರದಲ್ಲಿ ಮೊದಲೇ ಇತ್ತು, ಬಾಗಲಕೋಟೆ 2022ರ ಡಿಸೆಂಬರಿನ ಅಭಿಯಾನದಲ್ಲಿ ಸೇರಿತು. ಎಲ್ಲಕ್ಕಿಂತ ಹೆಚ್ಚು ಕಾಡುವ ಸಣ್ಣ ತಪ್ಪು ದಿನಾಂಕದ್ದು. ಅಮೆರಿಕದ ಕಾರ್ಡಿನಲ್ಲಿ 03/07 ಎಂದರೆ ಮಾರ್ಚ್ 7. ಇಲ್ಲಿನ ದಾದಿ ಅದನ್ನು ಜುಲೈ 3 ಎಂದು ಓದುತ್ತಾಳೆ, ಎರಡು ಡೋಸಿನ ನಡುವಿನ ಅಂತರವೇ ತಪ್ಪುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದ ಒಂದು ಹಾಳೆ ಮಾಡಿ, ಮಕ್ಕಳ ವೈದ್ಯರ ಮುಂದಿಟ್ಟು, ಬಿಟ್ಟುಹೋದದ್ದನ್ನು ಒಂದೇ ಸಲ ಲೆಕ್ಕ ಹಾಕಿಸಿ.

ಬೀದಿನಾಯಿ ಕಂಡರೆ ಅಪ್ಪಿಕೊಳ್ಳಲು ಓಡುವುದು ಪರದೇಶದ ಮಕ್ಕಳ ಸ್ವಭಾವ. ಅಲ್ಲಿ ನಾಯಿಗಳೆಲ್ಲ ಮನೆಯವು. ಕಚ್ಚಿದರೆ, ಹಲ್ಲು ಅಥವಾ ಉಗುರು ತಾಗಿ ತರಚಿದರೂ, ಹರಿಯುವ ನೀರು ಮತ್ತು ಸಾಬೂನಿನಿಂದ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರಪುಡಿ ಏನನ್ನೂ ಮೆತ್ತಬಾರದು. ಅವತ್ತೇ ರೇಬಿಸ್ (ಹುಚ್ಚುನಾಯಿ ರೋಗ) ಲಸಿಕೆ ಶುರುವಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಕ್ರಮ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದು, ಕೂಡ ಬೇಕು, ಅದನ್ನು ಕೇಳಿ ಹಾಕಿಸಿ.

ಓಡಾಟಕ್ಕೆ ಬಂದರೆ, ತಳ್ಳುಗಾಡಿ ನಮ್ಮ ರಸ್ತೆಗೆ ನಡೆಯುವುದಿಲ್ಲ, ಎದೆಗೆ ಕಟ್ಟುವ ಜೋಳಿಗೆ ತನ್ನಿ. ಗೋಲಗುಮ್ಮಟದ ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಹತ್ತುವ ಮೆಟ್ಟಿಲೂ ಕಡಿದು, ಇಕ್ಕಟ್ಟು. ಅಲ್ಲೂ ಜೋಳಿಗೆಯೇ ಸರಿ. ಬೈಕಿನ ಮೇಲೆ 9 ತಿಂಗಳಿಂದ 4 ವರ್ಷದ ಮಗುವನ್ನು ಕೂರಿಸುವಾಗ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು, 2023ರ ಫೆಬ್ರವರಿಯಿಂದ ಇದು ಕಾನೂನು. ಟಂಟಂ ಆಟೋದಲ್ಲಿ ಚಾಲಕನ ಪಕ್ಕ ಮಗುವನ್ನು ಕೂರಿಸುವುದು ಬೇಡ.

ಕಾಗದಪತ್ರದ ಮಾತು ಚಿಕ್ಕದು. ವಿದೇಶಿಯರು ಉಳಿದುಕೊಂಡ ಮನೆಯವರು 24 ತಾಸಿನೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು, ಇದು ಬಾಡಿಗೆ ಕೊಟ್ಟವರ ಹೊಣೆ. ಮಕ್ಕಳ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ, 20 ವರ್ಷದ ತನಕ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿಯನ್ನೂ ಹೊಸ ಫೋಟೋವನ್ನೂ ಜಾಲತಾಣಕ್ಕೆ ಏರಿಸಬೇಕು. ಎಳೆ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯುವುದರಿಂದ ಇದು ಮರೆತುಹೋಗುತ್ತದೆ.

ಕೊನೆಯದಾಗಿ, ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಬೇಕಾದ ಒಂದು ಹಾಳೆ. ಅದರಲ್ಲಿ 108, 112, ಹತ್ತಿರದ ಮಕ್ಕಳ ವೈದ್ಯರ ನಂಬರು, ನೀರು ಬರುವ ದಿನ, ಟಾಕಿ ತೊಳೆದ ದಿನ, ಅಲರ್ಜಿ, ಮತ್ತು ದಪ್ಪಕ್ಷರದಲ್ಲಿ ಮಗುವಿನ ತೂಕ. ತೂಕ ಏಕೆಂದರೆ ಜ್ವರದ ಔಷಧ ವಯಸ್ಸಿಗಲ್ಲ, ತೂಕಕ್ಕೆ. ಅಮೆರಿಕದವರು ಅಸೆಟಮಿನೊಫೆನ್ ಅನ್ನುವುದು ನಮ್ಮ ಪ್ಯಾರಾಸಿಟಮಾಲ್. ಎರಡು ಹೆಸರು, ಒಂದೇ ಔಷಧ. ತಾಯಿ ಅಲ್ಲಿಂದ ತಂದದ್ದನ್ನು ಕೊಟ್ಟಳು, ಅಜ್ಜಿ ಇಲ್ಲಿಯದನ್ನು ಕೊಟ್ಟಳು ಎಂದರೆ ಎರಡು ಪಟ್ಟು ಆಯಿತು. ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ, ನಡುವೆ ಕನಿಷ್ಠ ನಾಲ್ಕು ತಾಸು, ದಿನಕ್ಕೆ ನಾಲ್ಕು ಸಲ ಮೀರದಂತೆ. ಹತ್ತು ಕಿಲೋ ಮಗುವಿಗೆ 150 ಮಿ.ಗ್ರಾಂ: 5 ಮಿ.ಲೀ.ಗೆ 120 ಇರುವ ಸಿರಪ್ಪಾದರೆ ಸುಮಾರು 6 ಮಿ.ಲೀ., 250 ಇರುವುದಾದರೆ 3 ಮಿ.ಲೀ., ಒಂದು ಮಿ.ಲೀ.ಗೆ 100 ಇರುವ ಹನಿ ಔಷಧವಾದರೆ ಒಂದೂವರೆ ಮಿ.ಲೀ. ಮಾತ್ರ. ಮೂರೂ ಬಾಟಲಿ ಮನೆಯಲ್ಲಿ ಇಡಬೇಡಿ. ಒಂದನ್ನು ಆರಿಸಿ, ಎಷ್ಟು ಮಿ.ಲೀ. ಎಂದು ಹಾಳೆಯ ಮೇಲೆ ಬರೆದು, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ ನೇತುಹಾಕಿ. ಕೊಟ್ಟವರು ಯಾರೇ ಆಗಲಿ, ಕೊಟ್ಟ ಹೊತ್ತನ್ನು ಅಲ್ಲೇ ಗೀಚಲಿ. ತೂಕವನ್ನು ಮೂರು ತಿಂಗಳಿಗೊಮ್ಮೆ, ಟಾಕಿ ತೊಳೆಯುವ ದಿನವೇ, ಅಂಗನವಾಡಿಯ ತಕ್ಕಡಿಯಲ್ಲಿ ನೋಡಿ ತಿದ್ದಿ ಬರೆಯಿರಿ.